ಮುಂದಿನ ತಾರೀಖು ಯಾವುದು? ಸೌಲಭ್ಯ ಕಮ್ಮಿ ಇರುವ ಜೈಲಿನಲ್ಲಿ ಕೈದಿಗಳ ಕಡತ ಸರಿಪಡಿಸುವ ಬಗೆ

ಜೈಲಿನ ಕಚೇರಿಯಲ್ಲಿ ಯಾವುದಾದರೂ ಒಂದು ಕಡತ ಎಳೆದು ನೋಡಿ. ಒಳಗೆ ಬಂದ ದಿನ ಇರುತ್ತದೆ, ಕೇಸಿನ ನಂಬರು ಇರುತ್ತದೆ, ಹೆಬ್ಬೆಟ್ಟಿನ ಗುರುತೂ ಇರುತ್ತದೆ. ಈ ಮನುಷ್ಯನ ವಿಷಯದಲ್ಲಿ ಮುಂದೆ ಏನಾಗಬೇಕು, ಯಾವತ್ತು ಆಗಬೇಕು, ಯಾರು ಮಾಡಬೇಕು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ಕೈದಿಗಳು ವರ್ಷಗಟ್ಟಲೆ ಮರೆತುಹೋಗುವುದು ಇಲ್ಲಿಯೇ. ಕಡತ ಬೀರುವಿನಲ್ಲಿ ಭದ್ರವಾಗಿಯೇ ಇರುತ್ತದೆ, ಅದನ್ನು ತೆರೆಯಬೇಕಾದ ದಿನ ಯಾವುದು ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಸುಮಾರು 300 ಕೈದಿಗಳು, ಇಬ್ಬರು ಗುಮಾಸ್ತರು, ಆಗಾಗ ಕೈಕೊಡುವ ಕರೆಂಟು ಇರುವ ಜೈಲನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಲೆಕ್ಕಗಳನ್ನು ಹಾಕಿದೆ. ನಿಮ್ಮಲ್ಲಿ 1,000 ಮಂದಿ ಇದ್ದರೆ ಗುಣಿಸಿಕೊಳ್ಳಿ, ಕ್ರಮ ಬದಲಾಗುವುದಿಲ್ಲ. ವಿಶ್ವಸಂಸ್ಥೆಯ ಮಹಾಸಭೆ 2015ರ ಡಿಸೆಂಬರ್ 17ರಂದು ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ (ಕೈದಿಗಳನ್ನು ಕನಿಷ್ಠ ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವವು) 6ರಿಂದ 10ರವರೆಗಿನವು ಪೂರ್ತಿ ದಾಖಲೆಗಳದ್ದೇ. ಅದರಲ್ಲಿ 6ನೇ ನಿಯಮ ಕಂಪ್ಯೂಟರ್ ಇರಲೇಬೇಕೆಂದು ಕೇಳುವುದಿಲ್ಲ. ಪುಟಕ್ಕೆ ನಂಬರು ಹಾಕಿ ಸಹಿ ಮಾಡಿದ ನೋಂದಣಿ ಪುಸ್ತಕವೂ ನಡೆಯುತ್ತದೆ. ಯಾರು, ಯಾವಾಗ, ಏನು ತಿದ್ದಿದರು ಎಂಬುದು ಆಮೇಲೆ ಗೊತ್ತಾಗುವಂತಿರಬೇಕು, ಅಷ್ಟೆ. ಹಾಗಾಗಿ ದುಡ್ಡಿಲ್ಲ ಎಂಬ ನೆಪ ಇಲ್ಲಿ ಹೆಚ್ಚು ದೂರ ಹೋಗುವುದಿಲ್ಲ.

1. ಮೊದಲು ತಲೆ ಎಣಿಸಿ

ಹೊಸ ಫಾರಂ ಅಚ್ಚು ಹಾಕಿಸುವುದರಿಂದ ಶುರುಮಾಡಬೇಡಿ. ಈಗ ಒಳಗೆ ಯಾರಿದ್ದಾರೆ, ಯಾವ ಕಾಗದದ ಮೇಲೆ ಇದ್ದಾರೆ ಎಂಬುದು ಮೊದಲು ತಿಳಿಯಬೇಕು. ಕೋರ್ಟಿಗೆ ರಜೆ ಇರುವ ಎರಡು ದಿನ ಆರಿಸಿಕೊಳ್ಳಿ, ಅವತ್ತು ಹೋಗಿ ಬರುವವರು ಕಮ್ಮಿ. ಇಬ್ಬಿಬ್ಬರ ಎರಡು ತಂಡ ಮಾಡಿ, ಒಬ್ಬರು ಕೇಳಲಿ, ಇನ್ನೊಬ್ಬರು ಬರೆಯಲಿ. ಒಬ್ಬ ಕೈದಿಗೆ 4 ನಿಮಿಷ ಹಿಡಿದರೂ 300 ಮಂದಿಗೆ 20 ಗಂಟೆ. ಎರಡು ತಂಡಕ್ಕೆ ಹಂಚಿದರೆ ದಿನಕ್ಕೆ 5 ಗಂಟೆಯಂತೆ ಎರಡು ದಿನದಲ್ಲಿ ಮುಗಿಯುತ್ತದೆ.

ಬ್ಯಾರಕ್‌ಗೆ ಹೋಗುವಾಗ ರಿಜಿಸ್ಟರ್ ಒಯ್ಯಬೇಡಿ. ಪಟ್ಟಿ ಹಿಡಿದು ಹೆಸರು ಕೂಗುತ್ತಾ ಹೋದರೆ ಪಟ್ಟಿಯಲ್ಲಿಲ್ಲದವನು ಎಂದಿಗೂ ಸಿಗುವುದಿಲ್ಲ. ಖಾಲಿ ಹಾಳೆ ಒಯ್ದು, ಎದುರಿಗಿರುವವರ ಬಾಯಿಂದಲೇ ಹೆಸರು, ತಂದೆ ಅಥವಾ ತಾಯಿಯ ಹೆಸರು, ಯಾವ ಕೋರ್ಟು, ಯಾವಾಗ ಒಳಗೆ ಬಂದದ್ದು, ಕೊನೆಯ ಸಲ ಕೋರ್ಟಿಗೆ ಹೋದದ್ದು ಯಾವಾಗ, ವಕೀಲರಿದ್ದಾರೆಯೇ ಎಂಬಿಷ್ಟನ್ನು ಬರೆದುಕೊಳ್ಳಿ. ಆಸ್ಪತ್ರೆಯಲ್ಲಿರುವವರು, ಅಡುಗೆಮನೆಯಲ್ಲಿ ಕೆಲಸಕ್ಕಿರುವವರು, ಒಂಟಿ ಕೋಣೆಯಲ್ಲಿರುವವರು ಎಣಿಕೆಯಲ್ಲಿ ಜಾರಿಹೋಗುವುದು ಸಾಮಾನ್ಯ, ಅಲ್ಲಿಗೂ ಹೋಗಬೇಕು. ಆಮೇಲೆ ಈ ಹಾಳೆಯನ್ನು ವಾರಂಟ್‌ಗಳ (ಕೈದಿಯನ್ನು ಜೈಲಿನಲ್ಲಿಡಲು ಕೋರ್ಟು ಕೊಟ್ಟ ಆದೇಶಗಳ) ಕಟ್ಟಿನೊಂದಿಗೆ, ಕೊನೆಗೆ ರಿಜಿಸ್ಟರಿನೊಂದಿಗೆ ತಾಳೆ ನೋಡಿ.

ತಾಳೆಯಾಗದ್ದನ್ನು ನಾಲ್ಕು ಗುಡ್ಡೆ ಮಾಡಿ. ಮನುಷ್ಯ ಇದ್ದಾನೆ, ಕಾಗದ ಇಲ್ಲ. ಕಾಗದ ಇದೆ, ಮನುಷ್ಯ ಇಲ್ಲ. ಎರಡೂ ಇವೆ, ಆದರೆ ವಾರಂಟಿನ ಅವಧಿ ಮುಗಿದಿದೆ. ಹೆಸರು ಅಥವಾ ಕೇಸು ಹೊಂದುವುದಿಲ್ಲ. ಮೊದಲನೆಯದೂ ಮೂರನೆಯದೂ ಅವತ್ತೇ ಕೈಗೆತ್ತಿಕೊಳ್ಳಬೇಕಾದವು, ಏಕೆಂದರೆ ಆ ಕೈದಿಯನ್ನು ಹಿಡಿದಿಟ್ಟುಕೊಳ್ಳಲು ನಿಮ್ಮ ಬಳಿ ಆಧಾರವೇ ಇಲ್ಲ. ಕಳುಹಿಸಿದ ಕೋರ್ಟಿಗೆ ಲಿಖಿತವಾಗಿ ತಿಳಿಸಿ, ಜಾವಕ ನಂಬರನ್ನು (ಹೊರಗೆ ಕಳುಹಿಸಿದ ಪತ್ರದ ಕ್ರಮಸಂಖ್ಯೆ) ಹಾಳೆಯ ಮೇಲೆ ಬರೆಯಿರಿ, ಕೈದಿಗೂ ಹೇಳಿ. ಎರಡನೆಯ ಗುಡ್ಡೆಯಲ್ಲಿ ಬಹುಪಾಲು ಬಿಡುಗಡೆಯಾದವರ, ವರ್ಗವಾದವರ ಕಾಗದಗಳೇ ಇರುತ್ತವೆ. ಆದರೂ ಒಂದೊಂದನ್ನೂ ಕೊನೆಮುಟ್ಟ ಹುಡುಕಬೇಕು. ಸತ್ತವರೋ ತಪ್ಪಿಸಿಕೊಂಡವರೋ ಬರಹಕ್ಕೇ ಸಿಗದೆ ಉಳಿದಿದ್ದರೆ ಅದು ತಿಳಿಯುವುದು ಇಲ್ಲೇ.

2. ಒಬ್ಬ ಮನುಷ್ಯನಿಗೆ ಒಂದೇ ನಂಬರು

ವರ್ಷ ಮತ್ತು ಕ್ರಮಸಂಖ್ಯೆ ಸಾಕು: 2025/0417. ಇದು ಮನುಷ್ಯನ ನಂಬರು, ಕೇಸಿನದ್ದಲ್ಲ. ಆತ ಬಿಡುಗಡೆಯಾಗಿ ಮೂರು ವರ್ಷದ ಮೇಲೆ ಮತ್ತೆ ಬಂದರೂ ಇದೇ ನಂಬರು; ಬಿಟ್ಟುಹೋದವರ ನಂಬರನ್ನು ಬೇರೆಯವರಿಗೆ ಕೊಡುವಂತಿಲ್ಲ. ಅದರ ಕೆಳಗೆ ಪ್ರತಿ ಕೇಸಿಗೂ ಒಂದು ಹಾಳೆ: 0417-ಎ, 0417-ಬಿ, ಹೀಗೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಾರಂಟಿಗೊಂದು ನಂಬರು ಕೊಡುವ ಜೈಲುಗಳಲ್ಲಿ ಎರಡು ಕೇಸಿರುವ ಕೈದಿ ಕಾಗದದ ಮೇಲೆ ಇಬ್ಬರಾಗುತ್ತಾನೆ. ಒಂದು ಕೇಸಿನಲ್ಲಿ ಬಿಡುಗಡೆ ಆದೇಶ ಬಂದಾಗ ಎರಡನೆಯದು ಯಾರಿಗೂ ನೆನಪಾಗದೆ ಆತ ಹೊರಗೆ ಹೋಗುತ್ತಾನೆ. ಒಮ್ಮೆ ಹಾಗಾಯಿತೆಂದರೆ ಗುಮಾಸ್ತ ಹೆದರುತ್ತಾನೆ. ಅಲ್ಲಿಂದಾಚೆಗೆ 'ಇನ್ನೊಂದು ಕೇಸಿದ್ದರೂ ಇರಬಹುದು' ಎಂದು ಬಿಡಬೇಕಾದವರನ್ನೂ ವಾರಗಟ್ಟಲೆ ಕೂರಿಸಿಕೊಳ್ಳುತ್ತಾನೆ. ತಪ್ಪು ಒಂದೇ, ಫಲ ಎರಡು ಕಡೆಗೆ.

3. ಗೇಟಿನಲ್ಲಿ ಆಗಬೇಕಾದ್ದು

ಸರಿಯಾದ ಆದೇಶವಿಲ್ಲದೆ ಯಾರನ್ನೂ ಒಳಗೆ ತೆಗೆದುಕೊಳ್ಳುವಂತಿಲ್ಲ ಎಂದು 7ನೇ ನಿಯಮ ಹೇಳುತ್ತದೆ. ಓದಲು ಸುಲಭ. ರಾತ್ರಿ ಎಂಟಕ್ಕೆ ಪೊಲೀಸರು ಮೊಹರಿಲ್ಲದ ವಾರಂಟ್ ಹಿಡಿದು ಬಂದು ನಿಂತಾಗ ಪಾಲಿಸುವುದು ಕಷ್ಟ. ಅದಕ್ಕೆ ಗೇಟಿನಲ್ಲಿ ಎರಡು ವಸ್ತು ಇರಲಿ: ಅವತ್ತು ಕರ್ತವ್ಯದಲ್ಲಿರುವ ನ್ಯಾಯಾಧೀಶರ ಕಚೇರಿಯ ಫೋನ್ ನಂಬರುಗಳ ಪಟ್ಟಿ ಮತ್ತು ಎರಡು ಪ್ರತಿಯ 'ನ್ಯೂನತೆ ಚೀಟಿ'. ಏನು ಕಮ್ಮಿ ಇದೆ ಎಂದು ಚೀಟಿಯಲ್ಲಿ ಬರೆದು, ಕರೆತಂದವರ ಸಹಿ ಪಡೆದು, ಒಂದು ಪ್ರತಿ ಅವರಿಗೆ ಕೊಡಿ. ನೋಡಬೇಕಾದ್ದು ಆರು: ಹೆಸರು, ಕೇಸಿನ ನಂಬರು, ಆರೋಪದ ಕಲಮು, ಮತ್ತೆ ಹಾಜರುಪಡಿಸಬೇಕಾದ ದಿನ ಅಥವಾ ಶಿಕ್ಷೆಯ ಅವಧಿ, ನ್ಯಾಯಾಧೀಶರ ಸಹಿ, ಮೊಹರು.

ಹೆಸರನ್ನು ಎರಡು ಸಲ ಬರೆಯಬೇಕು, ವಾರಂಟಿನಲ್ಲಿರುವಂತೆ ಒಮ್ಮೆ, ಆತ ಹೇಳಿದಂತೆ ಇನ್ನೊಮ್ಮೆ. ವಯಸ್ಸಿನ ಬದಲು ಹುಟ್ಟಿದ ವರ್ಷ ಬರೆಯಿರಿ. '17 ವರ್ಷ' ಎಂದು ಬರೆದದ್ದು ಮುಂದಿನ ವರ್ಷ ಯಾರಿಗೂ ಅರ್ಥವಾಗುವುದಿಲ್ಲ. 18ಕ್ಕಿಂತ ಕಮ್ಮಿ ಎಂದು ಆತ ಹೇಳಿದರೆ, ಅಥವಾ ನೋಡಿದರೆ ಹಾಗನ್ನಿಸಿದರೆ, ನೀವು ತೀರ್ಮಾನ ಮಾಡಬೇಡಿ; ಬರೆದು ಅವತ್ತೇ ಕೋರ್ಟಿಗೆ ತಿಳಿಸಿ, ದೊಡ್ಡವರ ಬ್ಯಾರಕ್‌ನಿಂದ ದೂರ ಇರಿಸಿ. ಬಂಧಿಸಿದ ದಿನ, ಗಂಟೆ, ಸ್ಥಳವನ್ನೂ ಒಳಗೆ ಬಂದ ಗಂಟೆಯನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಶಿಕ್ಷೆಯ ಲೆಕ್ಕ ಹಾಕುವಾಗ ಆ ನಡುವಿನ ದಿನಗಳು ಬೇಕಾಗುತ್ತವೆ.

ಮೈಮೇಲಿನ ಗಾಯಗಳನ್ನು ದೇಹದ ರೇಖಾಚಿತ್ರದ ಮೇಲೆ ಗುರುತು ಹಾಕಿಸಿ. ಆರೋಗ್ಯ ಸಿಬ್ಬಂದಿ ಇದ್ದರೆ ಅವರಿಂದ, ಇಲ್ಲದಿದ್ದರೆ ಗೇಟಿನ ಅಧಿಕಾರಿಯಿಂದ. ಇದು ಕರೆತಂದವರು ಸಹಿ ಹಾಕಿ ಹೊರಡುವ ಮುಂಚೆ ಆಗಬೇಕು. ಆದರೆ 'ಯಾರಾದರೂ ಹೊಡೆದರೇ' ಎಂಬ ಪ್ರಶ್ನೆಯನ್ನು ಅವರ ಕಿವಿಗೆ ಬೀಳದ ಜಾಗದಲ್ಲಿ ಕೇಳಿ. ಅವರೆದುರು ಕೇಳಿದರೆ ಬರುವ ಉತ್ತರ 'ಬಿದ್ದೆ' ಎಂದೇ.

ಸಾಮಾನುಗಳ ಪಟ್ಟಿ ಮಾಡುವಾಗ ಕಂಡದ್ದನ್ನಷ್ಟೇ ಬರೆಯಿರಿ. 'ಚಿನ್ನದ ಉಂಗುರ' ಎಂದು ಬರೆದರೆ ಬಿಡುಗಡೆಯ ದಿನ ಅದು ಚಿನ್ನವೇ ಆಗಿರಬೇಕು. 'ಹಳದಿ ಲೋಹದ ಉಂಗುರ 1, ಕೆಂಪು ಕಲ್ಲು' ಎನ್ನುವುದು ಕ್ಷೇಮ. ನೋಟುಗಳ ಎಣಿಕೆಯನ್ನು ಅಕ್ಷರದಲ್ಲೂ ಬರೆದು ಕೈದಿಯ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ.

ಕುಟುಂಬದವರ ಹೆಸರು, ಕೂಡಲೇ ಸಿಗುವ ಫೋನ್ ನಂಬರು ಮತ್ತು ಮಾತಾಡುವ ಭಾಷೆ ಇರಲಿ. ಹೆಂಗಸರಾದರೆ ಮಕ್ಕಳ ಹೆಸರು, ವಯಸ್ಸು, ಈಗ ಯಾರ ಬಳಿ ಇದ್ದಾರೆ ಎಂಬುದು ಕಡ್ಡಾಯ. ಹೆಣ್ಣು ಕೈದಿಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ 2010ರ ಬ್ಯಾಂಕಾಕ್ ನಿಯಮಗಳಲ್ಲಿ 3ನೆಯದು ಇದನ್ನೇ ಹೇಳುತ್ತದೆ. ತಾಯಿ ಜೈಲು ಸೇರಿದ ದಿನ ಮಕ್ಕಳು ಬೀಗ ಹಾಕಿದ ಮನೆಯೆದುರು ಕೂತಿರುವುದೂ ಉಂಟು, ಕೇಳುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ದೇಶದವರಾದರೆ ಅವರ ರಾಯಭಾರ ಕಚೇರಿಗೆ ತಿಳಿಸಬೇಕೇ ಎಂದು ಕೇಳಿ, ಉತ್ತರವನ್ನು ಬರೆದಿಡಿ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ ಅದು ಅವರ ಹಕ್ಕು.

4. ರಿಜಿಸ್ಟರ್, ಕಡತ, ಕಪಾಟು

ರಿಜಿಸ್ಟರ್ ಹೊಲಿದು ಕಟ್ಟಿದ್ದಾಗಿರಲಿ, ಬಿಡಿ ಹಾಳೆಯ ಫೈಲು ಬೇಡ. ಬರೆಯಲು ಶುರುಮಾಡುವ ಮುಂಚೆಯೇ ಎಲ್ಲ ಪುಟಕ್ಕೂ ನಂಬರು ಹಾಕಿ, ಮೊದಲ ಪುಟದಲ್ಲಿ 'ಇದರಲ್ಲಿ ಇಷ್ಟು ಪುಟಗಳಿವೆ' ಎಂದು ಮುಖ್ಯಸ್ಥರು ಸಹಿ ಮಾಡಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯದು ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು ಚಿಕ್ಕ ಸಹಿ ಮತ್ತು ತಾರೀಖು. ಬಿಳಿ ಬಣ್ಣ ಬಳಿಯುವುದು, ಉಜ್ಜುವುದು, ಪೆನ್ಸಿಲ್ ಯಾವುದೂ ಬೇಡ. ಶಾಯಿಯನ್ನು ಪರೀಕ್ಷಿಸಿ: ಒಂದು ಸಾಲು ಬರೆದು ಒಣಗಿಸಿ, ಹನಿ ನೀರು ಬಿಟ್ಟು ಒಂದು ನಿಮಿಷದ ಮೇಲೆ ಒರೆಸಿ. ಹರಡಿದರೆ ಆ ಪೆನ್ನು ದಾಖಲೆಗೆ ನಾಲಾಯಕ್ಕು.

ಕಾಲಂಗಳು ಎರಡು ಪುಟಕ್ಕೆ ಹರಡಿಕೊಂಡಿರುವ ರಿಜಿಸ್ಟರಿನಲ್ಲಿ ಒಂದು ತಪ್ಪು ತಪ್ಪಿದ್ದಲ್ಲ. ಎಡಪುಟದ 14ನೇ ಸಾಲಿನ ಹೆಸರಿಗೆ ಬಲಪುಟದ 15ನೇ ಸಾಲಿನ ತಾರೀಖು ಅಂಟಿಕೊಳ್ಳುತ್ತದೆ. ಬಲಪುಟದ ಮೊದಲ ಕಾಲಂನಲ್ಲೂ ಅದೇ ಕೈದಿ ನಂಬರನ್ನು ಮತ್ತೆ ಬರೆಯಿಸಿ, ಈ ಕಾಟ ನಿಲ್ಲುತ್ತದೆ.

ಕಡತದೊಳಗೆ ಎಡಗಡೆ ಮುಖಪತ್ರ ಮತ್ತು ನಡೆದದ್ದರ ಟಿಪ್ಪಣಿ ಹಾಳೆ. ಬಲಗಡೆ ಕಾಗದಗಳು, ಹೊಸದು ಮೇಲೆ, ಪುಟ ನಂಬರಿನೊಂದಿಗೆ ದಾರದಲ್ಲಿ ಪೋಣಿಸಿದ್ದು. ಮೂಲ ವಾರಂಟಿಗೆ ತೂತು ಹಾಕಬೇಡಿ, ಪಾರದರ್ಶಕ ಕವರಿನಲ್ಲಿಡಿ. ವೈದ್ಯಕೀಯ ಕಡತ ಇದರೊಳಗೆ ಬೇಡವೇ ಬೇಡ. ಅದು ಆರೋಗ್ಯ ಸಿಬ್ಬಂದಿಯ ಸುಪರ್ದಿನಲ್ಲಿ, ಬೇರೆ ಬೀಗದಲ್ಲಿರಬೇಕು.

ಕಪಾಟಿನಲ್ಲಿ ನಂಬರಿನ ಕ್ರಮದಲ್ಲಿ ಜೋಡಿಸಿ. ಹೆಸರಿನ ಕ್ರಮ ಮಾಡಿದರೆ ಕಾಗುಣಿತದ ಜಗಳ ಶುರುವಾಗುತ್ತದೆ. ಹೆಸರಿನಿಂದ ಹುಡುಕಲು ಬೇರೆ ಸೂಚಿ ಇರಲಿ. ಕಡತವೊಂದಕ್ಕೆ 1 ಸೆಂ.ಮೀ. ಎಂದರೂ 300ಕ್ಕೆ 3 ಮೀಟರ್ ಕಪಾಟು ಸಾಕು. ಕೆಳಗಿನ ಹಲಗೆ ನೆಲದಿಂದ 15 ಸೆಂ.ಮೀ. ಮೇಲಿರಲಿ, ಬೆನ್ನು ಗೋಡೆಗೆ ತಾಗದಿರಲಿ. ಗೆದ್ದಲೂ ತೇವವೂ ಬರುವುದು ಅಲ್ಲಿಂದಲೇ. ಕಡತ ಹೊರಗೆ ತೆಗೆದರೆ ಅದರ ಜಾಗದಲ್ಲಿ ರಟ್ಟಿನ ಚೀಟಿ ನಿಲ್ಲಬೇಕು: ಯಾರು ಒಯ್ದರು, ಯಾವತ್ತು. ವಿಚಾರಣಾಧೀನರಿಗೆ ಒಂದು ಬಣ್ಣ, ಸಜಾ ಕೈದಿಗಳಿಗೆ ಒಂದು ಬಣ್ಣದ ಕಡತ ಎಂಬುದು ತರಬೇತಿಗಳಲ್ಲಿ ಕೇಳಿಬರುವ ಸಲಹೆ. ಹಸಿರು ಕಡತಗಳು ಮುಗಿದ ವಾರವೇ ಆ ವ್ಯವಸ್ಥೆ ಕುಸಿಯುತ್ತದೆ. ಬೆನ್ನಿನ ಮೇಲೆ ಮಾರ್ಕರಿನಲ್ಲಿ 'ವಿ' ಅಥವಾ 'ಸ' ಎಂದು ಬರೆದರೆ ಸಾಕು.

5. ತಾರೀಖಿನ ಪೆಟ್ಟಿಗೆ

ಎಲ್ಲ ಬಿಟ್ಟು ಒಂದೇ ಒಂದು ಕೆಲಸ ಮಾಡುವಷ್ಟು ಬಿಡುವಿದ್ದರೆ ಇದನ್ನು ಮಾಡಿ. ಒಂದು ಉದ್ದನೆಯ ಪೆಟ್ಟಿಗೆ, 44 ರಟ್ಟಿನ ಅಡ್ಡತಡೆಗಳು: ಈ ತಿಂಗಳ ದಿನಗಳಿಗೆ 1ರಿಂದ 31, ಮುಂದಿನ ತಿಂಗಳುಗಳಿಗೆ 12, ಎಲ್ಲಕ್ಕೂ ಮುಂದೆ ಕೆಂಪು ಬಣ್ಣದ್ದು ಒಂದು. ಪ್ರತಿ ಕೈದಿಗೂ ಅಂಗೈಯಗಲದ ಒಂದೇ ಒಂದು ಕಾರ್ಡು. ಅದರ ತಲೆಯಲ್ಲಿ ನಂಬರು, ಹೆಸರು, ಬ್ಯಾರಕ್. ಕೆಳಗೆ ಮೂರು ಕಾಲಂ: ತಾರೀಖು, ಏನಾಗಬೇಕು, ಯಾರು. ಕಾರ್ಡು ಯಾವಾಗಲೂ ಮುಂದಿನ ತಾರೀಖಿನ ಮನೆಯಲ್ಲಿ, ಅಂದರೆ ಆ ಅಡ್ಡತಡೆಯ ಹಿಂದಿನ ಜಾಗದಲ್ಲಿ, ಕೂತಿರುತ್ತದೆ. ಎರಡು ತಾರೀಖಿದ್ದರೆ ಮೊದಲು ಬರುವ ಮನೆಯಲ್ಲಿ.

ಒಂದು ಕಾರ್ಡು ಹೀಗಿರುತ್ತದೆ:

2025/0417, ಬ್ಯಾರಕ್ 3
12-06 — ಕೋರ್ಟು (ಎ), ಸಾಕ್ಷಿ — ಬೆಂಗಾವಲು
12-06 — ಹೋಗಲಿಲ್ಲ, ವಾಹನವಿಲ್ಲ — ಗುಮಾಸ್ತ 1
13-06 — ಕೋರ್ಟಿಗೆ ಫೋನ್, ಹೊಸ ವಾಯಿದೆ ಕೇಳುವುದು — ಗುಮಾಸ್ತ 1
26-06 — ಕೋರ್ಟು (ಎ) — ಬೆಂಗಾವಲು
30-06 — ಜಾಮೀನು ಸಿಕ್ಕಿ 7 ದಿನ (ಬಿ), ಜಾಮೀನುದಾರರು ಬಂದರೇ? — ಗುಮಾಸ್ತ 2

ಜೂನ್ 12ರಂದು ವಾಹನ ಬರದಿದ್ದಾಗ ಏನಾಯಿತು ನೋಡಿ. ಪೆಟ್ಟಿಗೆ ಇಲ್ಲದ ಜೈಲಿನಲ್ಲಿ ಆ ಕೈದಿ ಅಲ್ಲಿಗೆ ಕಳೆದುಹೋದಂತೆಯೇ. ಕೋರ್ಟು ಹೊಸ ವಾಯಿದೆ ಹಾಕಿರುತ್ತದೆ, ಅದು ಜೈಲಿಗೆ ತಿಳಿದಿರುವುದಿಲ್ಲ, ಆ ದಿನವೂ ಕೈದಿ ಹಾಜರಾಗುವುದಿಲ್ಲ. ಇಲ್ಲಿ ಹೊಸ ತಾರೀಖು ಗೊತ್ತಿಲ್ಲದ ಕಾರಣಕ್ಕೇ ಕಾರ್ಡು ಮರುದಿನದ ಮನೆಗೆ ಹೋಯಿತು.

ದಿನಚರಿ ಸರಳ. ಸಂಜೆ ಬೀಗ ಹಾಕುವ ಮುಂಚೆ ನಾಳೆಯ ಮತ್ತು ನಾಡಿದ್ದಿನ ಕಾರ್ಡುಗಳನ್ನು ತೆಗೆದು ಬೆಂಗಾವಲಿನವರಿಗೆ ಪಟ್ಟಿ ಕೊಡಿ. ಮರುದಿನ ಸಂಜೆ ಆ ಮನೆ ಖಾಲಿಯಾಗಿರಬೇಕು, ಎಲ್ಲ ಕಾರ್ಡೂ ಬೇರೆ ತಾರೀಖಿಗೆ ಹೋಗಿರಬೇಕು. ಮುಂದೇನು ಎಂದು ತಿಳಿಯದ ಕಾರ್ಡುಗಳಿಗೆ ಕೆಂಪು ಮನೆ. ಅಲ್ಲಿ ಯಾವ ಕಾರ್ಡೂ ಎರಡು ರಾತ್ರಿ ಉಳಿಯಬಾರದು. ಅಧೀಕ್ಷಕರು ಬೇರೇನೂ ನೋಡದಿದ್ದರೂ ಪ್ರತಿ ಬೆಳಿಗ್ಗೆ ಕೆಂಪು ಮನೆಯನ್ನು ನೋಡಿದರೆ ಕಚೇರಿ ಹೇಗೆ ನಡೆಯುತ್ತಿದೆ ಎಂದು ತಿಳಿಯುತ್ತದೆ.

ಇದು ಸೋಲುವುದು ಒಂದೇ ಕಡೆ, ಕೋರ್ಟಿನಿಂದ ವಾಪಸು ಬರುವ ಹೊತ್ತಿನಲ್ಲಿ. ಕತ್ತಲಾಗಿರುತ್ತದೆ, ಬೆಂಗಾವಲಿನವರಿಗೆ ಮನೆಗೆ ಹೋಗುವ ಅವಸರ. 'ತಾರೀಖು ನಾಳೆ ಹೇಳುತ್ತಾರಂತೆ' ಎಂದು ಕೈದಿಯನ್ನು ಒಪ್ಪಿಸಿ ಹೊರಡುತ್ತಾರೆ. ವಾರಂಟಿನ ಬೆನ್ನ ಮೇಲೆ ಹೊಸ ತಾರೀಖು ಬರೆದಿಲ್ಲದಿದ್ದರೆ, ಯಾಕೆ ಇಲ್ಲ ಎಂದು ಬೆಂಗಾವಲಿನ ಮುಖ್ಯಸ್ಥರು ಬರೆದು ಸಹಿ ಮಾಡುವ ತನಕ ಗೇಟಿನವರು ಅವರ ಮರಳಿದ ಹಾಜರಿಗೆ ರುಜು ಹಾಕಬಾರದು. ಮೊದಲ ವಾರ ಗೊಣಗಾಟ ಇದ್ದದ್ದೇ.

ಕೋರ್ಟಿಗೆ ಹೋಗದ ಪ್ರತಿ ಸಲವೂ ಕಾರಣಕ್ಕೆ ಒಂದು ಅಕ್ಷರ ಹಾಕಿ: ವಾ (ವಾಹನವಿಲ್ಲ), ಬೆ (ಬೆಂಗಾವಲಿಲ್ಲ), ನ್ಯಾ (ನ್ಯಾಯಾಧೀಶರ ರಜೆ), ಕಾ (ಕಾಯಿಲೆ), ವಿ (ವಿಡಿಯೊ ಸಂಪರ್ಕ ಕಡಿತ). ತಿಂಗಳ ಕೊನೆಗೆ ಕೂಡಿಸಿ. 'ವಾಹನ ಕೊಡಿ' ಎಂಬ ಪತ್ರಕ್ಕಿಂತ 'ಈ ತಿಂಗಳು ಇಷ್ಟು ಹಾಜರಿ ವಾಹನವಿಲ್ಲದೆ ತಪ್ಪಿದೆ' ಎಂಬ ಒಂದು ಸಾಲಿಗೆ ಮೇಲಿನವರು ಬೇಗ ಓಗೊಡುತ್ತಾರೆ.

6. ಬಿಡುಗಡೆಯ ದಿನದ ಲೆಕ್ಕ

ಶಿಕ್ಷೆಯ ಮೊದಲ ದಿನ ಎಣಿಕೆಗೆ ಸೇರುತ್ತದೆಯೇ, ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳೋ 30 ದಿನವೋ, ಮಾಫಿಯ (ಶಿಕ್ಷೆಯಲ್ಲಿ ಸಿಗುವ ಕಡಿತದ) ದರ ಎಷ್ಟು, ಬಿಡುಗಡೆ ರಜೆಯ ದಿನ ಬಿದ್ದರೆ ಹಿಂದಿನ ದಿನವೋ ಮುಂದಿನ ದಿನವೋ, ಇವೆಲ್ಲ ಕಾನೂನಿಂದ ಕಾನೂನಿಗೆ ಬೇರೆ. ನಿಮ್ಮ ಕಾನೂನು ಹೇಳುವುದನ್ನು ಒಂದು ಪುಟದಲ್ಲಿ ಬರೆಸಿ, ನ್ಯಾಯಾಂಗದವರಿಗೆ ತೋರಿಸಿ, ಗುಮಾಸ್ತರ ಮೇಜಿನ ಗಾಜಿನಡಿ ಇಡಿ. ಲೆಕ್ಕ ಗುಮಾಸ್ತರ ತಲೆಯೊಳಗಿದ್ದರೆ ಅವರು ವರ್ಗವಾದಾಗ ಲೆಕ್ಕವೂ ವರ್ಗವಾಗುತ್ತದೆ.

ಒಂದು ಉದಾಹರಣೆ, ಮೊದಲ ದಿನವನ್ನೂ ಸೇರಿಸುವ ಕಾನೂನು ಎಂದುಕೊಂಡು. 2024ರ ಮಾರ್ಚ್ 10ರಿಂದ 2 ವರ್ಷ ಶಿಕ್ಷೆ. ಪೂರ್ತಿ ಅವಧಿ ಮುಗಿಯುವುದು 2026ರ ಮಾರ್ಚ್ 9. ವಿಚಾರಣೆಯ ಕಾಲದಲ್ಲಿ ಒಳಗಿದ್ದದ್ದು 74 ದಿನ. ಅದನ್ನು ಕಳೆದರೆ 2025ರ ಡಿಸೆಂಬರ್ 25. ಗಳಿಸಿದ ಮಾಫಿ 30 ದಿನ, ನವೆಂಬರ್ 25. ದಂಡ ಕಟ್ಟದಿದ್ದರೆ ಇನ್ನೂ 30 ದಿನ ಎಂದು ತೀರ್ಪಿದ್ದರೆ ಎರಡು ತಾರೀಖು ಬರೆಯಬೇಕು, ಕಟ್ಟಿದರೆ ನವೆಂಬರ್ 25, ಕಟ್ಟದಿದ್ದರೆ ಡಿಸೆಂಬರ್ 25. ದಂಡದ ಮೊತ್ತವನ್ನು ಕೈದಿಗೂ ಮನೆಯವರಿಗೂ ಮುಂಚೆಯೇ ಹೇಳಿ. ಸಣ್ಣ ಮೊತ್ತ ಕಟ್ಟಬೇಕೆಂದು ತಿಳಿಯದೆಯೇ ತಿಂಗಳು ಕಳೆಯುವವರಿದ್ದಾರೆ.

ಲೆಕ್ಕವನ್ನು ಇಬ್ಬರು ಬೇರೆ ಬೇರೆ ಹಾಳೆಯಲ್ಲಿ ಹಾಕಬೇಕು. ಒಬ್ಬರು ಹಾಕಿ ಇನ್ನೊಬ್ಬರು 'ಪರಿಶೀಲಿಸಿದೆ' ಎಂದು ಸಹಿ ಹಾಕಿದರೆ ಅದು ಎರಡನೆಯ ಲೆಕ್ಕವಲ್ಲ. ಎಡವುವ ಜಾಗಗಳು ಮೂರು. 74 ದಿನವನ್ನು 'ಸುಮಾರು ಎರಡೂವರೆ ತಿಂಗಳು' ಎಂದು ಬರೆಯುವುದು ಒಂದು. ಎರಡು ಕೇಸಿನಲ್ಲಿ ಒಟ್ಟಿಗೆ ಒಳಗಿದ್ದ ದಿನಗಳನ್ನು ಎಲ್ಲಿ, ಎಷ್ಟು ಸಲ ಕಳೆಯಬಹುದು ಎಂದು ನೋಡದಿರುವುದು ಇನ್ನೊಂದು. ಮೂರನೆಯದು, ಎರಡು ಶಿಕ್ಷೆಗಳು ಏಕಕಾಲಕ್ಕೋ ಒಂದಾದ ಮೇಲೊಂದೋ ಎಂದು ತೀರ್ಪಿನಲ್ಲಿ ಸ್ಪಷ್ಟವಿಲ್ಲದಿರುವುದು. ಆಗ ಊಹಿಸಬೇಡಿ, ಕೋರ್ಟನ್ನೇ ಕೇಳಿ, ಕಾರ್ಡಿಗೆ ತಾರೀಖು ಹಾಕಿ.

ಬಿಡುಗಡೆಗೆ 30 ದಿನ ಮೊದಲು ಒಮ್ಮೆ, 7 ದಿನ ಮೊದಲು ಒಮ್ಮೆ ಕಡತ ತೆರೆದು ಬೇರೆ ಕೇಸು ಬಾಕಿ ಇದೆಯೇ ನೋಡಿ. ಆ ದಿನ ಬೆಳಿಗ್ಗೆ ನೋಡಲು ಕೂತರೆ ಸಂಜೆಯೊಳಗೆ ಉತ್ತರ ಬರುವುದಿಲ್ಲ. ಗೇಟಿನಲ್ಲಿ ಫೋಟೊ ಮತ್ತು ಹೆಬ್ಬೆಟ್ಟು ತಾಳೆ ನೋಡದೆ ಯಾರನ್ನೂ ಬಿಡಬೇಡಿ; ಒಂದೇ ಹೆಸರಿನ ಇನ್ನೊಬ್ಬ 'ನಾನೇ' ಎಂದು ಹೊರಟುಹೋದದ್ದು ತಿಳಿಯುವುದು ಸಂಜೆಯ ಎಣಿಕೆಯಲ್ಲಿ.

7. ದಿನಕ್ಕೆ ಹತ್ತು ಕಡತ

ಕೇಸುಗಳ ನಿರ್ವಹಣೆ ಎಂದಾಕ್ಷಣ ದೊಡ್ಡ ಸಭೆ ಕರೆಯಬೇಕಾಗಿಲ್ಲ. ದಿನಕ್ಕೆ 10 ಕಡತ, ಒಂದೊಂದಕ್ಕೆ 5 ನಿಮಿಷ. 30 ಕೆಲಸದ ದಿನಗಳಲ್ಲಿ 300 ಕಡತವೂ ಒಂದು ಸಲ ಕೈದಾಟಿ ಹೋಗುತ್ತದೆ. ಪ್ರತಿ ಕಡತದ ಟಿಪ್ಪಣಿ ಹಾಳೆಯಲ್ಲಿ ಒಂದು ಸಾಲು ಬೀಳಬೇಕು. 'ಗಮನಿಸಲಾಗಿದೆ' ಎಂಬ ಷರಾ ನಡೆಯುವುದಿಲ್ಲ. ಏನು ಮಾಡುವುದು, ಯಾರು, ಯಾವತ್ತಿಗೆ ಎಂಬುದು ಆ ಸಾಲಿನಲ್ಲಿರಬೇಕು, ಆ ತಾರೀಖು ಕಾರ್ಡಿಗೂ ಹೋಗಬೇಕು.

ಸರದಿ ಕಾಯದೆ ವಾರಕ್ಕೊಮ್ಮೆ ನೋಡಬೇಕಾದವರೂ ಇದ್ದಾರೆ: ಜಾಮೀನು ಸಿಕ್ಕಿಯೂ ಒಳಗಿರುವವರು, ಆರೋಪಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಯಷ್ಟೇ ಕಾಲವನ್ನು ಆಗಲೇ ಕಳೆದವರು ಅಥವಾ ಅದಕ್ಕೆ ಹತ್ತಿರವಿರುವವರು, ವಕೀಲರಿಲ್ಲದವರು, ಗರ್ಭಿಣಿಯರು, ಕೂಸಿರುವ ತಾಯಂದಿರು, ಮನಸ್ಸಿನ ಕಾಯಿಲೆಯವರು, ಮೇಲ್ಮನವಿಯ ಗಡುವು ಓಡುತ್ತಿರುವವರು. ಇದರಲ್ಲಿ ಬೇಗ ಫಲ ಕೊಡುವುದು ಮೊದಲನೆಯ ಗುಂಪು. ಆದೇಶ ಆಗಿಹೋಗಿದೆ, ಜಾಮೀನುದಾರರು ಬಂದಿಲ್ಲ. ಎಷ್ಟೋ ಸಲ ಮನೆಯವರಿಗೆ ಆದೇಶವಾದದ್ದೇ ಗೊತ್ತಿರುವುದಿಲ್ಲ, ಒಂದು ಫೋನಿನಲ್ಲಿ ಮುಗಿಯುವ ಕೆಲಸ. ಜಾಮೀನಿನ ಮೊತ್ತವೇ ಹೊರಲಾರದಷ್ಟಿದ್ದರೆ ಕಡಿಮೆ ಮಾಡಿಸುವ ಅರ್ಜಿಗೆ ಕಾನೂನು ನೆರವಿನವರಿಗೆ ಹೆಸರು ಕಳುಹಿಸಿ.

ಕೋರ್ಟಿಗೆ ಬರೆಯುವಾಗ ಕೈದಿಗೊಂದು ಪತ್ರ ಬೇಡ, ಕೋರ್ಟಿಗೊಂದು ಪಟ್ಟಿ ಮಾಡಿ. ಒಂಟಿ ಪತ್ರ ಟಪಾಲಿನ ರಾಶಿಯಲ್ಲಿ ಮುಳುಗುತ್ತದೆ. ಹನ್ನೆರಡು ಹೆಸರಿರುವ ಒಂದು ಪುಟ ನ್ಯಾಯಾಧೀಶರ ಮೇಜಿನ ತನಕ ಹೋಗುತ್ತದೆ. ಕಾಲಂ ಐದೇ ಸಾಕು: ನಂಬರು ಮತ್ತು ಹೆಸರು, ಕೇಸು, ಒಳಗಿರುವ ದಿನಗಳು, ಕೊನೆಯ ಹಾಜರಿ, ಏನು ಬೇಕು. ಕೈಯಾರೆ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. 15 ದಿನಕ್ಕೆ ಮತ್ತೆ ನೋಡುವಂತೆ ಎಲ್ಲ ಹನ್ನೆರಡು ಕಾರ್ಡುಗಳಿಗೂ ತಾರೀಖು ಹಾಕಿ.

ಸಿಬ್ಬಂದಿ ಸಾಲದಿದ್ದರೆ ಹೊರಗಿನವರ ನೆರವು ಪಡೆಯುವುದು ಒಳ್ಳೆಯದೇ. ಮಲಾವಿ ದೇಶದಲ್ಲಿ 2000ದಿಂದ ತರಬೇತಿ ಪಡೆದ ಅರೆಕಾನೂನು ಕಾರ್ಯಕರ್ತರು (ವಕೀಲರಲ್ಲದಿದ್ದರೂ ಕಾನೂನು ನೆರವು ಕೊಡುವವರು) ಜೈಲುಗಳೊಳಗೆ ಹೋಗಿ, ಕೈದಿಗಳಿಗೆ ಕಾನೂನು ತಿಳಿಸಿ, ಜಾಮೀನು ಅರ್ಜಿ ತುಂಬಿಸುವ ಕೆಲಸ ಶುರುಮಾಡಿದರು. ಅವರು ಮಾಡಿದ ಪಟ್ಟಿಗಳ ಮೇಲೆ ನ್ಯಾಯಾಧೀಶರೇ ಜೈಲಿಗೆ ಬಂದು ಕೇಸು ನೋಡುವ ಕ್ರಮವೂ ಬೆಳೆಯಿತು. ಆದರೆ ಓದುಬರಹ ಬಲ್ಲ ಕೈದಿಗಳಿಂದಲೇ ರಿಜಿಸ್ಟರ್ ಬರೆಸುವ ಹಳೆಯ ರೂಢಿಯನ್ನು ಮಾತ್ರ ನಿಲ್ಲಿಸಿ. ಇನ್ನೊಬ್ಬರ ಆರೋಪ, ಮನೆಯ ವಿಳಾಸ, ಬಿಡುಗಡೆಯ ದಿನ ತಿಳಿದವನ ಕೈಗೆ ಒಂದು ಅಧಿಕಾರ ಬರುತ್ತದೆ, ಅದಕ್ಕೆ ಬ್ಯಾರಕ್‌ನೊಳಗೆ ಬೆಲೆಯೂ ಇರುತ್ತದೆ. ಗೆರೆ ಹಾಕುವುದು, ಕಡತ ಹೊಲಿಯುವುದು, ರಟ್ಟು ಕತ್ತರಿಸುವುದು ಅವರಿಂದ ಆಗಲಿ.

8. ವರ್ಗಾವಣೆ

ಮನುಷ್ಯ ಹೋದ, ಕಡತ ಉಳಿಯಿತು ಎನ್ನುವಂತಾಗಬಾರದು. ಮೂಲ ವಾರಂಟ್ ಮತ್ತು ಕಡತ ಕೈದಿಯ ಜೊತೆಗೇ ಹೋಗಬೇಕು, ಬೆಂಗಾವಲಿನವರ ಸಹಿಯೊಂದಿಗೆ. ವೈದ್ಯಕೀಯ ಕಡತ ಮೊಹರು ಮಾಡಿದ ಬೇರೆ ಲಕೋಟೆಯಲ್ಲಿ. ನಿಮ್ಮಲ್ಲಿ ಉಳಿಯುವುದು ಮುಖಪತ್ರದ ನಕಲು ಮಾತ್ರ. ಕೋರ್ಟಿಗೂ ಮನೆಯವರಿಗೂ ಅವತ್ತೇ ತಿಳಿಸಿ. ಆ ಜೈಲಿನಿಂದ 'ತಲುಪಿದ' ಎಂಬ ಉತ್ತರ ಬರುವ ತನಕ ಕಾರ್ಡು ನಿಮ್ಮ ಪೆಟ್ಟಿಗೆಯಲ್ಲೇ, ನಾಳೆಯ ಮನೆಯಲ್ಲಿ.

9. ತಾಳೆ ಮತ್ತು ತಪಾಸಣೆ

ಪ್ರತಿ ಸಂಜೆ ಒಂದು ಲೆಕ್ಕ: ನಿನ್ನೆಯವರು 312, ಹೊಸಬರು 7, ಬಿಡುಗಡೆ 4, ವರ್ಗ 2, ಅಲ್ಲಿಗೆ ಜೈಲಿನ ಲೆಕ್ಕದಲ್ಲಿ 313. ಕೋರ್ಟಿನಿಂದ ಇನ್ನೂ ಬರದವರು 18, ಹೊರಗಿನ ಆಸ್ಪತ್ರೆಯಲ್ಲಿ 3, ಬ್ಯಾರಕ್‌ಗಳಲ್ಲಿ ಇರಬೇಕಾದವರು 292. ಎಣಿಕೆಯಲ್ಲಿ 291 ಬಂದರೆ '1 ವ್ಯತ್ಯಾಸ' ಎಂದೇ ಬರೆದು ಹುಡುಕಿ. ರಾತ್ರಿ ಪಾಳಿಯವರು ಲೆಕ್ಕವನ್ನು 'ಸರಿಮಾಡಿಕೊಳ್ಳುವ' ಅಭ್ಯಾಸ ಬಿದ್ದರೆ ಆ ಪುಸ್ತಕವನ್ನು ಮುಂದೆ ಯಾರೂ ನಂಬಲಾಗದು.

ತಿಂಗಳಿಗೊಮ್ಮೆ ಎರಡು ದಿಕ್ಕಿನಿಂದ ತಪಾಸಣೆ. ರಿಜಿಸ್ಟರಿನಿಂದ 15 ಹೆಸರು ಎತ್ತಿ ಕಡತ ಹುಡುಕಿ, ಮನುಷ್ಯನನ್ನು ಹುಡುಕಿ. ಬ್ಯಾರಕ್‌ನಿಂದ ಬೇರೆ 15 ಮಂದಿಯನ್ನು ಕರೆದು ಅವರಿಂದ ಕಡತಕ್ಕೆ ಬನ್ನಿ. ಮೊದಲನೆಯದರಲ್ಲಿ ಇಲ್ಲದವರು ಸಿಗುತ್ತಾರೆ, ಎರಡನೆಯದರಲ್ಲಿ ದಾಖಲೆಯೇ ಇಲ್ಲದವರು.

ದಿನವೂ ನಡೆಯುವ ತಪಾಸಣೆಯೊಂದಿದೆ, ಅದು ಕೈದಿಯ ಕೈಯಲ್ಲೇ ಇದೆ. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ: ನಂಬರು, ಕೇಸು, ಕೋರ್ಟು, ಮುಂದಿನ ತಾರೀಖು. ತಪ್ಪಿದ್ದರೆ ಮೊದಲು ಹೇಳುವವರು ಅವರೇ. ಓದಲು ಬಾರದವರಿಗಾಗಿ ವಾರಕ್ಕೊಮ್ಮೆ ಬ್ಯಾರಕ್‌ನಲ್ಲಿ ನಂಬರು ಮತ್ತು ತಾರೀಖನ್ನು ಕೂಗಿ ಓದಿ. ಆರೋಪವನ್ನು ಮಾತ್ರ ಎಲ್ಲರೆದುರು ಓದಬೇಡಿ. ಮಕ್ಕಳ ಮೇಲಿನ ದೌರ್ಜನ್ಯದ ಆರೋಪವಿರುವವನ ಕಲಮನ್ನು ಕೂಗಿದರೆ ಆ ರಾತ್ರಿ ಅಲ್ಲಿ ಏನಾದರೂ ಆಗಬಹುದು. ತನ್ನ ದಾಖಲೆಯನ್ನು ನೋಡುವ, ಬಿಡುಗಡೆಯಾಗುವಾಗ ಅಧಿಕೃತ ಪ್ರತಿ ಪಡೆಯುವ ಹಕ್ಕು ಕೈದಿಗಿದೆ ಎಂದು ಮಂಡೇಲಾ ನಿಯಮಗಳಲ್ಲಿ 9ನೆಯದು ಹೇಳುತ್ತದೆ. ಕೆಲಸಕ್ಕೆ ಬೇಕಾದವರ ಹೊರತು ಬೇರೆಯವರು ನೋಡಬಾರದು ಎಂದೂ ಅದೇ ನಿಯಮ ಹೇಳುತ್ತದೆ.

10. ಕಂಪ್ಯೂಟರ್ ಬರುವುದು ಯಾವಾಗ

ಕಾಗದದ ಲೆಕ್ಕ ಮೂರು ತಿಂಗಳು ತಪ್ಪದೆ ತಾಳೆಯಾದ ಮೇಲೆ. ಗೊಂದಲವನ್ನು ಕಂಪ್ಯೂಟರಿಗೆ ಏರಿಸಿದರೆ ಗೊಂದಲ ಬೇಗ ಓಡುತ್ತದೆ, ಅಷ್ಟೆ. ದುಬಾರಿ ತಂತ್ರಾಂಶ ಬೇಡ, ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಒಂದು ಸಾಲು ಒಂದು ಕೇಸಿಗೆ, ಮೊದಲ ಕಾಲಂನಲ್ಲಿ ಮನುಷ್ಯನ ನಂಬರು. ತಾರೀಖನ್ನು ವರ್ಷ-ತಿಂಗಳು-ದಿನದ ಕ್ರಮದಲ್ಲೇ ಬರೆಯಬೇಕು. 03/04 ಎಂಬುದು ಏಪ್ರಿಲ್ 3 ಹೌದು, ಮಾರ್ಚ್ 4ಕ್ಕೂ ಅದೇ ರೂಪ. ಯಂತ್ರ ತನಗೆ ತೋಚಿದ್ದನ್ನು ಹಿಡಿಯುತ್ತದೆ. ಕೋರ್ಟಿನ ಹೆಸರು, ಹಾಜರಾಗದ ಕಾರಣ ಇಂಥವನ್ನು ಕೈಯಿಂದ ಟೈಪಿಸಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ, ಇಲ್ಲವಾದರೆ ಒಂದೇ ಕೋರ್ಟು ಆರು ಕಾಗುಣಿತದಲ್ಲಿ ಬರುತ್ತದೆ.

ಎಂಟು ವಾರ ಕಾಗದ ಮತ್ತು ಕಂಪ್ಯೂಟರ್ ಎರಡೂ ಜೊತೆಯಲ್ಲಿ ನಡೆಯಲಿ. ಕನಿಷ್ಠ ಮೂವರಿಗೆ ಕಲಿಸಿ. ಬಲ್ಲವರು ಒಬ್ಬರೇ ಇದ್ದು ಅವರಿಗೆ ವರ್ಗವಾದರೆ ಯಂತ್ರದ ಮೇಲೆ ಬಟ್ಟೆ ಹೊದಿಸಿಡುವುದೇ ಗತಿ. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಲಿ. ಗೋಡೆಗೆ ಅಂಟಿಸಿದ ಒಂದೇ ಪಾಸ್‌ವರ್ಡಿನಲ್ಲಿ ಎಲ್ಲರೂ ಕೆಲಸ ಮಾಡಿದರೆ ಬಿಡುಗಡೆ ತಾರೀಖು ತಿದ್ದಿದವರು ಯಾರೆಂದು ಹೇಳಲಾಗುವುದಿಲ್ಲ. ಬೀಗವಿರುವ ಎರಡು ಡ್ರೈವ್‌ಗಳಲ್ಲಿ ಪ್ರತಿ ಇಟ್ಟು, ಒಂದನ್ನು ಕಟ್ಟಡದ ಹೊರಗೆ ಸುರಕ್ಷಿತ ಕಚೇರಿಯಲ್ಲಿರಿಸಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ನಿಜವಾಗಿಯೂ ತೆರೆದು ನೋಡಿ. ಪ್ರತಿ ಸಂಜೆ ನಾಳೆಯ ಕೋರ್ಟಿನ ಪಟ್ಟಿಯನ್ನು ಮುದ್ರಿಸಿಯೇ ಯಂತ್ರ ಆರಿಸಿ. ಬೆಳಿಗ್ಗೆ ಆರಕ್ಕೆ ಕರೆಂಟು ಇಲ್ಲದಿದ್ದರೂ ವಾಹನ ಹೊರಡಬೇಕು.